ಸಿಐಆರ್‌ಎಸ್-7 ಕೇಸ್: ಟ್ಯೂಮರ್ ಅರೆದಾಗ ಕಂಡದ್ದು, ಸ್ಲೈಡಲ್ಲಿ ಕಂಡದ್ದು

ಕರುಳಿನ ಕ್ಯಾನ್ಸರ್ ಟ್ಯೂಮರನ್ನ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು ಗಾಜಿನ ಸ್ಲೈಡ್ ಮೇಲೆ ಕೂರಿಸಿ, ಸಿಐಆರ್‌ಎಸ್-7 ಅನ್ನೋ ಒಂದೇ ಒಂದು ಸರ್ಕ್ಯುಲರ್ ಆರ್‌ಎನ್‌ಎ (ಜೀನಿನ ನಕಲಾಗಿ ಸೆಲ್ಲಲ್ಲಿ ತಯಾರಾಗೋ, ಉಂಗುರದ ಆಕಾರದ ಅಣು) ಎಲ್ಲೆಲ್ಲಿ ಇದ್ಯೋ ಅಲ್ಲಿ ಮಾತ್ರ ಬಣ್ಣ ಹಿಡಿಯೋ ಹಾಗೆ ಮಾಡಿ ಮೈಕ್ರೋಸ್ಕೋಪಲ್ಲಿ ನೋಡಿದ್ರು. ಡೆನ್ಮಾರ್ಕಿನ ಟೀಮ್, 2020ರಲ್ಲಿ ನೇಚರ್ ಕಮ್ಯುನಿಕೇಷನ್ಸಲ್ಲಿ ಬಂದ ಪೇಪರ್. ಬಣ್ಣ ಬಂತು, ಚೆನ್ನಾಗೇ ಬಂತು, ಆದ್ರೆ ಕ್ಯಾನ್ಸರ್ ಸೆಲ್ಲುಗಳಲ್ಲಿ ಅಲ್ಲ. ಅವುಗಳ ಸುತ್ತ ಹಬ್ಬಿರೋ ಸ್ಟ್ರೋಮಾದಲ್ಲಿ, ಅಂದ್ರೆ ಫೈಬ್ರೋಬ್ಲಾಸ್ಟು, ರಕ್ತನಾಳ ಇಂಥವೆಲ್ಲ ಇರೋ ಆಧಾರದ ಅಂಗಾಂಶ ಇದ್ಯಲ್ಲ, ಅಲ್ಲಿ. ಕ್ಯಾನ್ಸರ್ ಸೆಲ್ಲುಗಳು ಗುಂಪು ಗುಂಪಾಗಿ ಕೂತಿರೋ ಜಾಗ ಪೂರ್ತಿ ಖಾಲಿ.

ಈ ಆರ್‌ಎನ್‌ಎ ಕ್ಯಾನ್ಸರ್ ಸೆಲ್ಲಿನ ಒಳಗೇ ಕೂತ್ಕೊಂಡು ಅದರ ಸಿಗ್ನಲಿಂಗನ್ನ, ಅಂದ್ರೆ ಬೆಳೀಬೇಕು ಅನ್ನೋ ಸಂದೇಶ ದಾಟಿಸೋ ವ್ಯವಸ್ಥೆಯನ್ನ, ಕೆರಳಿಸತ್ತೆ ಅಂತ ಅಷ್ಟೊತ್ತಿಗೆ ಎಷ್ಟೋ ಪೇಪರ್ ಬಂದಾಗಿತ್ತು. ನಾನೂ ಅದನ್ನೇ ಎಂಎಸ್ಸಿ ಕ್ಲಾಸಲ್ಲಿ ಬೋರ್ಡ್ ಮೇಲೆ ಬಾಣ ಹಾಕಿ ಹಾಕಿ ಪಾಠ ಮಾಡಿದ್ದೆ. ಹಾಗಾಗಿ ಈ ಕೇಸನ್ನ ಮೊದಲಿಂದ ಕೂತು ಬರೀಬೇಕು ಅಂತ ತುಂಬಾ ದಿನದಿಂದ ಇತ್ತು. ಯಾಕಂದ್ರೆ ಸರ್ಕ್ಯುಲರ್ ಆರ್‌ಎನ್‌ಎ ಮತ್ತೆ ಕ್ಯಾನ್ಸರ್ ಅಂತ ಪ್ರಾಜೆಕ್ಟ್ ತಗೊಳೋ ಹುಡುಗ್ರು ಹುಡುಗೀರು ಈಗ್ಲೂ ಅದೇ ಬಾಣದ ಚಿತ್ರ ಹಿಡ್ಕೊಂಡು ಬರ್ತಾರೆ, ಸರ್ಕಲ್ಲಿಂದ ಮೈಕ್ರೋ ಆರ್‌ಎನ್‌ಎಗೆ (ಬೇರೆ ಜೀನುಗಳ ಕೆಲಸ ತಡೆಯೋ ಪುಟ್ಟ ಆರ್‌ಎನ್‌ಎ) ತಡೆ ಅನ್ನೋ ಒಂದು ಅಡ್ಡಗೆರೆ, ಅಲ್ಲಿಂದ ಒಂದು ಕ್ಯಾನ್ಸರ್ ಜೀನಿಗೆ ಇನ್ನೊಂದು ಅಡ್ಡಗೆರೆ, ಮುಗೀತು.

ಮೊದಲು ಈ ಸರ್ಕಲ್ ಅಂದ್ರೇನು ಅಂತ ನೋಡೋಣ. ಜೀನಿಂದ ಆರ್‌ಎನ್‌ಎ ತಯಾರಾಗೋವಾಗ ಮಧ್ಯದಲ್ಲಿರೋ ಬೇಡದ ತುಂಡುಗಳನ್ನ ಸೆಲ್ ಕತ್ತರಿಸಿ ಎಸೆದು, ಬೇಕಾದ ತುಂಡುಗಳನ್ನ, ಅಂದ್ರೆ ಎಕ್ಸಾನುಗಳನ್ನ, ಸಾಲಾಗಿ ಪೋಣಿಸತ್ತೆ, ಇದು ಸ್ಪ್ಲೈಸಿಂಗ್. ಸಾಮಾನ್ಯವಾಗಿ ಒಂದರ ಬಾಲ ಮುಂದಿನದರ ತಲೆಗೆ. ಕೆಲವು ಸಲ ಹಿಂದಿರೋ ಎಕ್ಸಾನಿನ ಬಾಲ ತಿರುಗಿ ಬಂದು ತನ್ನದೇ ತಲೆಗೋ, ಮೊದಲೇ ಹೋದ ಎಕ್ಸಾನಿನ ತಲೆಗೋ ಅಂಟ್ಕೊಳತ್ತೆ, ಇದೇ ಬ್ಯಾಕ್‌ಸ್ಪ್ಲೈಸಿಂಗ್. ಹೂವಿನ ಮಾಲೆಯ ಎರಡೂ ತುದಿ ಸೇರಿಸಿ ಗಂಟು ಹಾಕಿದ ಹಾಗೆ ಆಗತ್ತೆ. ಸೆಲ್ಲಲ್ಲಿ ಆರ್‌ಎನ್‌ಎ ತಿನ್ನೋ ಎಂಜೈಮುಗಳಲ್ಲಿ ಬಹಳಷ್ಟು ತುದಿ ಹಿಡ್ಕೊಂಡೇ ಶುರು ಮಾಡೋದು, ಮಾಲೆಗೆ ತುದಿನೇ ಇಲ್ಲ ಅಂದ್ಮೇಲೆ ಅವು ಏನೂ ಮಾಡಕ್ಕಾಗಲ್ಲ, ಹಾಗಾಗಿ ಸರ್ಕಲ್ಲು ಮಾಮೂಲಿ ಆರ್‌ಎನ್‌ಎಗಿಂತ ಜಾಸ್ತಿ ಹೊತ್ತು ಬದುಕತ್ತೆ.

ಇದು ಹೊಸ ವಿಷಯ ಅಲ್ಲ. 1976ರಲ್ಲೇ ಗಿಡಗಳಿಗೆ ರೋಗ ತರೋ ವೈರಾಯ್ಡುಗಳ ಆರ್‌ಎನ್‌ಎ ದುಂಡಗಿದೆ ಅಂತ ತೋರಿಸಿದ್ರು, 1979ರಲ್ಲಿ ಹೀಲಾ ಸೆಲ್ಲುಗಳ (ಲ್ಯಾಬಲ್ಲಿ ಬೆಳೆಸೋ ಮನುಷ್ಯರ ಕ್ಯಾನ್ಸರ್ ಸೆಲ್ಲುಗಳು) ಆರ್‌ಎನ್‌ಎಯಲ್ಲೂ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಉಂಗುರಗಳು ಕಂಡವು. 1991ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸಲ್ಲಿ ಕರುಳಿನ ಕ್ಯಾನ್ಸರಿಗೆ ಸಂಬಂಧಪಟ್ಟ ಡಿಸಿಸಿ ಅನ್ನೋ ಜೀನ್ ಓದ್ತಾ ಇದ್ದಾಗ ಎಕ್ಸಾನುಗಳು ಹಿಂದುಮುಂದಾಗಿ ಅಂಟಿರೋ ಆರ್‌ಎನ್‌ಎ ಸಿಕ್ತು. ಆದ್ರೆ ಆಮೇಲೂ ವರ್ಷಗಟ್ಟಲೆ ಹೆಚ್ಚಿನವರು ಇದನ್ನ ಸ್ಪ್ಲೈಸಿಂಗಲ್ಲಿ ಆಗೋ ತಪ್ಪು ಅಂದ್ಕೊಂಡು ಬಿಟ್ರು. ಇನ್ನೊಂದು ಕಾರಣನೂ ಇದೆ. ಆರ್‌ಎನ್‌ಎ ಸೀಕ್ವೆನ್ಸಿಂಗಿಗೆ, ಅಂದ್ರೆ ಅದರ ಅಕ್ಷರಗಳನ್ನ ಓದೋದಕ್ಕೆ, ಮುಂಚೆ ಸಾಮಾನ್ಯವಾಗಿ ಪಾಲಿ-ಎ ಬಾಲ (ಕೊನೆಯಲ್ಲಿ ಎ ಅಕ್ಷರವೇ ಸಾಲಾಗಿರೋ ತುದಿ) ಇರೋದನ್ನ ಮಾತ್ರ ಆರಿಸ್ಕೊಳ್ತಾರೆ, ಸರ್ಕಲ್ಲಿಗೆ ಬಾಲನೇ ಇಲ್ಲ, ಅಂದ್ರೆ ಮೊದಲನೇ ಹೆಜ್ಜೆಯಲ್ಲೇ ಅದು ಸಿಂಕಿಗೆ ಹೋಗ್ತಿತ್ತು.

2013ರಲ್ಲಿ ಇದೆಲ್ಲ ತಲೆಕೆಳಗಾಯ್ತು. ನೇಚರ್ ಪತ್ರಿಕೆಯಲ್ಲಿ ಒಟ್ಟೊಟ್ಟಿಗೆ ಎರಡು ಪೇಪರ್, ಒಂದು ಡೆನ್ಮಾರ್ಕಿನ ಆರ್ಹುಸ್ ಯೂನಿವರ್ಸಿಟಿಯ ಥಾಮಸ್ ಹ್ಯಾನ್ಸನ್, ಯೋರ್ಗೆನ್ ಕೆಮ್ಸ್ ಅವರದ್ದು, ಇನ್ನೊಂದು ಬರ್ಲಿನ್ನಿನ ಮ್ಯಾಕ್ಸ್ ಡೆಲ್‌ಬ್ರುಕ್ ಸೆಂಟರಿನ ನಿಕೋಲಸ್ ರಾಯೆವ್‌ಸ್ಕಿ ಅವರ ಗುಂಪಿನದ್ದು. ಇಬ್ಬರೂ ಹೇಳಿದ್ದು ಒಂದೇ ಆರ್‌ಎನ್‌ಎ ಬಗ್ಗೆ. ಆರ್ಹುಸಿನವರು ಸಿಐಆರ್‌ಎಸ್-7 ಅಂದ್ರು, ಬರ್ಲಿನ್ನಿನವರು ಸಿಡಿಆರ್1ಎಎಸ್ ಅಂದ್ರು. ಎಕ್ಸ್ ಕ್ರೋಮೋಸೋಮಲ್ಲಿ ಹುಟ್ಟೋದು, ಸುಮಾರು 1,500 ಅಕ್ಷರದ ಉಂಗುರ, ಮಿದುಳಲ್ಲಿ ತುಂಬಾ ಜಾಸ್ತಿ. ಅದರ ಮೈಮೇಲೆ ಮಿರ್-7 ಅನ್ನೋ ಮೈಕ್ರೋ ಆರ್‌ಎನ್‌ಎ ಬಂದು ಕೂರೋ ಜಾಗ 70ಕ್ಕೂ ಹೆಚ್ಚು!

ಮಿರ್-7 ಏನು ಮಾಡತ್ತೆ ಅನ್ನೋದು ಗೊತ್ತಾದ್ರೆ ಯಾಕೆ ಎಲ್ಲರೂ ಅಷ್ಟು ಎಕ್ಸೈಟ್ ಆದ್ರು ಅಂತ ತಿಳಿಯತ್ತೆ. ಇಪ್ಪತ್ತು ಚಿಲ್ಲರೆ ಅಕ್ಷರದ ಪುಟ್ಟ ಆರ್‌ಎನ್‌ಎ ಅದು. ಆರ್ಗೊನಾಟ್ ಅನ್ನೋ ಪ್ರೋಟೀನ್ ಜೊತೆ ಸೇರ್ಕೊಂಡು ಓಡಾಡ್ತಾ, ಯಾವ ಮೆಸೆಂಜರ್ ಆರ್‌ಎನ್‌ಎಯಲ್ಲಿ ತನಗೆ ಹೊಂದೋ ಏಳೆಂಟು ಅಕ್ಷರ ಸಿಗತ್ತೋ ಅಲ್ಲಿ ಕೂತು ಅದರಿಂದ ಪ್ರೋಟೀನ್ ಆಗೋದನ್ನ ತಡೆಯತ್ತೆ. ಅದು ತಡೆಯೋ ಪಟ್ಟಿಯಲ್ಲಿ ಇಜಿಎಫ್‌ಆರ್ ಇದೆ, ರ‍್ಯಾಫ್1 ಇದೆ, ಇನ್ಸುಲಿನ್ ಸಿಗ್ನಲಿಂಗಿನ ಐಆರ್‌ಎಸ್-2 ಇದೆ. ಇಜಿಎಫ್‌ಆರ್ ಅಂದ್ರೆ ಸೆಲ್ಲಿನ ಮೇಲ್ಮೈಯಲ್ಲಿ ಕೂತಿರೋ ರಿಸೆಪ್ಟರ್, ಹೊರಗಿಂದ ಬೆಳೀರಿ ಅನ್ನೋ ಸಂದೇಶ ಬಂದ್ರೆ ಅದನ್ನ ಒಳಗೆ ದಾಟಿಸತ್ತೆ. ಊರಲ್ಲಿ ಬೆಂಕಿ ಬಿದ್ರೆ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸ್ತಾರಲ್ಲ ಹಾಗೆ, ಒಳಗಿನ ಪ್ರೋಟೀನುಗಳ ಸಾಲಲ್ಲಿ ರಾಸ್‌ಗೆ, ರಾಸಿಂದ ರ‍್ಯಾಫ್‌ಗೆ, ರ‍್ಯಾಫಿಂದ ಮೆಕ್‌ಗೆ, ಮೆಕ್ಕಿಂದ ಇಆರ್‌ಕೆಗೆ, ಕೊನೆಗೆ ನ್ಯೂಕ್ಲಿಯಸ್ಸಿಗೆ. ಇನ್ನೊಂದು ಕವಲು ಪಿಐ3ಕೆ, ಎಕೆಟಿ ಕಡೆ ಹೋಗತ್ತೆ. ಕರುಳಿನ ಕ್ಯಾನ್ಸರಲ್ಲಿ ಈ ಸಾಲಿಗೆ ಎಷ್ಟು ಬೆಲೆ ಅಂದ್ರೆ, ಸೆಟುಕ್ಸಿಮ್ಯಾಬ್ ಅನ್ನೋ ಔಷಧಿ ಇಜಿಎಫ್‌ಆರನ್ನೇ ಹಿಡಿದು ತಡೆಯೋದು, ಅದನ್ನ ಕೊಡೋಕೆ ಮುಂಚೆ ಟ್ಯೂಮರಲ್ಲಿ ರಾಸ್ ಜೀನ್ ಕೆಟ್ಟಿದ್ಯಾ ಅಂತ ಟೆಸ್ಟ್ ಮಾಡ್ಲೇಬೇಕು, ಸಾಲಿನ ಮಧ್ಯದವನೇ ತಾನಾಗಿ ಕೊಡ ತುಂಬಿಸ್ತಾ ಇದ್ರೆ ಮೊದಲನೆಯವನನ್ನ ಹಿಡಿದು ಏನುಪಯೋಗ.

ಅಂದ್ರೆ ಮಿರ್-7 ಈ ಸಾಲಿನ ಎರಡು ಕಡೆ ಬ್ರೇಕ್ ಹಾಕತ್ತೆ. ಈಗ ಆ ಬ್ರೇಕನ್ನೇ ಹೀರ್ಕೊಳೋಕೆ 70 ಜಾಗ ಇರೋ ಉಂಗುರ ಬಂತು ಅಂದ್ರೆ ಸಾಲು ತಡೆಯಿಲ್ಲದೆ ಓಡತ್ತೆ, ಅಲ್ವಾ? ಸ್ಪಾಂಜ್ ಅನ್ನೋ ಹೆಸರು ಬಂದಿದ್ದೇ ಹೀಗೆ. ಬರ್ಲಿನ್ನಿನವರು ಈ ಸರ್ಕಲ್ ಇಲ್ಲದ ಜೀಬ್ರಾಫಿಶ್ ಮೀನಿನ ಭ್ರೂಣಕ್ಕೆ ಇದನ್ನ ಹಾಕಿ ನೋಡಿದ್ರು, ಮಧ್ಯಮಿದುಳು ಚಿಕ್ಕದಾಯ್ತು, ಮಿರ್-7 ಕಮ್ಮಿ ಮಾಡಿದ್ರೆ ಏನಾಗತ್ತೋ ಅದೇ ಆಯ್ತು. ಇಷ್ಟು ಅಚ್ಚುಕಟ್ಟಾದ ವಾದ ಬಯಾಲಜಿಯಲ್ಲಿ ಅಪರೂಪಕ್ಕೆ ಸಿಗೋದು. ಅದೇ ವರ್ಷ ಆರ್ಹುಸಿನವರೇ ಕ್ಯಾನ್ಸರ್ ರಿಸರ್ಚ್ ಪತ್ರಿಕೆಯಲ್ಲಿ ಸಿಐಆರ್‌ಎಸ್-7 ಮತ್ತೆ ಮಿರ್-7 ಜೋಡಿಗೆ ಕ್ಯಾನ್ಸರಲ್ಲೂ ಪಾತ್ರ ಇರಬಹುದು ಅಂತ ಬರೆದ್ರು. ಇರಬಹುದು ಅಂತ ಮಾತ್ರ.

ಆಮೇಲೆ ಪೇಪರುಗಳ ಮಳೆ. ಹೊಟ್ಟೆ, ಲಿವರ್, ಶ್ವಾಸಕೋಶ, ಕರುಳು, ಎಲ್ಲಾ ಕಡೆ ಸಿಐಆರ್‌ಎಸ್-7 ಜಾಸ್ತಿ, ಮಿರ್-7 ಸುಮ್ಮನಾಯ್ತು, ಕ್ಯಾನ್ಸರ್ ಬೆಳೀತು. ಕರುಳಿನದ್ದರಲ್ಲಿ ಮುಖ್ಯವಾದ್ದು 2017ರಲ್ಲಿ ಕ್ಲಿನಿಕಲ್ ಕ್ಯಾನ್ಸರ್ ರಿಸರ್ಚಲ್ಲಿ ಬಂತು. ಮುನ್ನೂರಕ್ಕೂ ಹೆಚ್ಚು ಟ್ಯೂಮರ್ ಸ್ಯಾಂಪಲ್, ಸಿಐಆರ್‌ಎಸ್-7 ಜಾಸ್ತಿ ಇದ್ದವರು ಕಮ್ಮಿ ದಿನ ಬದುಕಿದ್ರು, ಲ್ಯಾಬಲ್ಲಿ ಸೆಲ್ಲುಗಳಿಗೆ ಈ ಸರ್ಕಲ್ ಜಾಸ್ತಿ ತುಂಬಿದಾಗ ಇಜಿಎಫ್‌ಆರ್, ರ‍್ಯಾಫ್1 ಎರಡೂ ಏರಿದವು. ಅಳತೆಗಳಲ್ಲಿ ನಂಗೇನೂ ಅನುಮಾನ ಇಲ್ಲ. ಜಾಸ್ತಿ ಇತ್ತು ಅನ್ನೋದೂ ನಿಜ, ರೋಗಿಗಳಿಗೆ ಕಷ್ಟ ಆಯ್ತು ಅನ್ನೋದೂ ನಿಜ. ಆ ಎರಡು ನಿಜಗಳ ಮಧ್ಯೆ ಹಾಕಿದ ಬಾಣ ಇದ್ಯಲ್ಲ, ಈ ಕೇಸ್ ಇರೋದು ಅಲ್ಲಿ.

ಟ್ಯೂಮರಿಂದ ಆರ್‌ಎನ್‌ಎ ಹೇಗೆ ತೆಗೀತಾರೆ ಅಂತ ಸ್ವಲ್ಪ ಹೇಳ್ತೀನಿ, ನಾನು ಕೈಯಾರೆ ಎಷ್ಟೋ ಸಲ ಮಾಡಿದ ಕೆಲಸ. ಮೈನಸ್ 80 ಫ್ರೀಜರಿಂದ ಪುಟ್ಟ ಟ್ಯೂಬ್ ತೆಗೀತೀವಿ, ಒಳಗೆ ಕಡಲೆಕಾಳಿನಷ್ಟು ತುಂಡು. ಲಿಕ್ವಿಡ್ ನೈಟ್ರೋಜನ್ ಹುಯ್ದು ಪಿಂಗಾಣಿ ಕುಟ್ಟಾಣಿಯಲ್ಲಿ ಕುಟ್ಟಿ ಪುಡಿ ಮಾಡ್ತೀವಿ, ಬಿಳಿ ಹೊಗೆ ಏಳ್ತಾ ಇರತ್ತೆ, ಗ್ಲೌಸ್ ಇದ್ರೂ ಬೆರಳ ತುದಿ ಜೋಮು ಹಿಡಿಯತ್ತೆ. ಪುಡಿಯನ್ನ ಗುಲಾಬಿ ಬಣ್ಣದ ಟ್ರೈಜಾಲಿಗೆ ಹಾಕಿ ಕರಗಿಸಿ, ಕ್ಲೋರೋಫಾರ್ಮ್ ಸೇರಿಸಿ ಅಲ್ಲಾಡಿಸಿ, ಸೆಂಟ್ರಿಫ್ಯೂಜಲ್ಲಿ ತಿರುಗಿಸಿದ್ರೆ ಕೆಳಗೆ ಗುಲಾಬಿ, ಮಧ್ಯೆ ಕೆನೆ ಥರ ಬೆಳ್ಳಗೆ ಒಂದು ಪದರ, ಮೇಲೆ ತಿಳಿನೀರು. ಆರ್‌ಎನ್‌ಎ ಇರೋದು ಆ ತಿಳಿಯಲ್ಲಿ. ಪೈಪೆಟ್ಟಲ್ಲಿ ಉಸಿರು ಬಿಗಿಹಿಡಿದು ಅದನ್ನ ಮಾತ್ರ ಎಳ್ಕೊಳ್ತೀವಿ. ಆ ಹೊತ್ತಿಗೆ ಕ್ಯಾನ್ಸರ್ ಸೆಲ್ಲಿನ ಆರ್‌ಎನ್‌ಎ, ಫೈಬ್ರೋಬ್ಲಾಸ್ಟಿನದ್ದು, ರಕ್ತನಾಳದ್ದು, ಇಮ್ಯೂನ್ ಸೆಲ್ಲಿನದ್ದು ಎಲ್ಲಾ ಒಂದೇ ನೀರಲ್ಲಿ. ಯಾವುದು ಯಾರ ಮನೆಯಿಂದ ಬಂತು ಅಂತ ಹೇಳೋಕೆ ಇನ್ಮೇಲೆ ದಾರಿನೇ ಇಲ್ಲ.

ತೆಂಗಿನಕಾಯಿ ಚಟ್ನಿ ರುಬ್ಬಿದ ಮೇಲೆ ರುಚಿ ನೋಡಿ ಉಪ್ಪಿದೆ, ಖಾರ ಇದೆ ಅಂತ ಹೇಳಬಹುದು. ಈಗ ಹತ್ತು ಮನೆ ಚಟ್ನಿ ತಂದು ಅಳೀರಿ. ಕಾಯಿ ಜಾಸ್ತಿ ಹಾಕಿದ ಮನೆದರಲ್ಲಿ ಕಾಯಿಯ ಎಣ್ಣೆನೂ ಜಾಸ್ತಿ, ಕಾಯಿಯ ಸಿಹಿನೂ ಜಾಸ್ತಿ, ಎರಡೂ ಒಟ್ಟಿಗೆ ಏರತ್ತೆ ಒಟ್ಟಿಗೆ ಇಳಿಯತ್ತೆ. ಅದನ್ನ ನೋಡಿ ಎಣ್ಣೆಯೇ ಸಿಹಿಯನ್ನ ಏರಿಸ್ತಾ ಇದೆ ಅನ್ನಕ್ಕಾಗಲ್ಲ, ಎರಡೂ ಕಾಯಿಂದ ಬಂದಿದ್ದು ಅಷ್ಟೆ. ಟ್ಯೂಮರಲ್ಲೂ ಹಾಗೇ. ಒಬ್ಬರ ತುಂಡಲ್ಲಿ ಸ್ಟ್ರೋಮಾ ಜಾಸ್ತಿ ಇರತ್ತೆ, ಇನ್ನೊಬ್ಬರದ್ದರಲ್ಲಿ ಕಮ್ಮಿ. ಸ್ಟ್ರೋಮಾ ಜಾಸ್ತಿ ಇದ್ದಲ್ಲಿ ಸಿಐಆರ್‌ಎಸ್-7 ಜಾಸ್ತಿ, ಸ್ಟ್ರೋಮಾದ ಬೇರೆ ಮೆಸೆಂಜರ್ ಆರ್‌ಎನ್‌ಎಗಳೂ ಜಾಸ್ತಿ, ಅವುಗಳಲ್ಲಿ ಕೆಲವಕ್ಕೆ ಮಿರ್-7 ಕೂರೋ ಜಾಗ ಇದ್ರೆ ನೋಡಿದವರಿಗೆ ಸ್ಪಾಂಜಿಂಗ್ ನಡೀತಿದೆ ಅಂತಲೇ ಅನ್ನಿಸತ್ತೆ. 2020ರ ಪೇಪರ್ ಇದನ್ನ ನೇರವಾಗಿ ಹೇಳಿದೆ: ಸ್ಪಾಂಜಿಗೆ ಸಾಕ್ಷಿ ಅಂತ ಎಲ್ಲರೂ ತೋರಿಸ್ತಿದ್ದ ಈ ಥರದ ಹೊಂದಾಣಿಕೆಯನ್ನ, ಕ್ಯಾನ್ಸರ್ ಸೆಲ್ಲಿಗೂ ಸ್ಟ್ರೋಮಾಗೂ ಇರೋ ಪ್ರಮಾಣ ಸ್ಯಾಂಪಲ್ಲಿಂದ ಸ್ಯಾಂಪಲ್ಲಿಗೆ ಬದಲಾಗೋದರಿಂದಲೇ ವಿವರಿಸಬಹುದು.

ಹಾಗಾದ್ರೆ ಸಿಐಆರ್‌ಎಸ್-7 ಜಾಸ್ತಿ ಇದ್ದವರು ಕಮ್ಮಿ ದಿನ ಬದುಕಿದ್ದು ಯಾಕೆ? ನಂಗೆ ಇದಕ್ಕೆ ಉತ್ತರದ ಸುಳಿವು 2015ರಲ್ಲೇ ಇದೆ ಅನ್ಸತ್ತೆ. ಆ ವರ್ಷ ಕರುಳಿನ ಕ್ಯಾನ್ಸರನ್ನ ನಾಲ್ಕು ಬಗೆ ಅಂತ ವಿಂಗಡಿಸಿದ ದೊಡ್ಡ ಕೆಲಸ ನೇಚರ್ ಮೆಡಿಸಿನಲ್ಲಿ ಬಂತು, ನಾಲ್ಕನೇ ಬಗೆ ಸ್ಟ್ರೋಮಾ ತುಂಬಿರೋದು, ಅದರ ರೋಗಿಗಳಿಗೇ ಪರಿಣಾಮ ಎಲ್ಲಕ್ಕಿಂತ ಕೆಟ್ಟದು. ಅದೇ ವರ್ಷ ನೇಚರ್ ಜೆನೆಟಿಕ್ಸಲ್ಲಿ ಎರಡು ಪೇಪರ್, ಆ ಕೆಟ್ಟ ಬಗೆಯ ಗುರುತು ಅಂತ ಹೇಳ್ತಿದ್ದ ಜೀನುಗಳು ಕ್ಯಾನ್ಸರ್ ಸೆಲ್ಲಿಂದ ಅಲ್ಲ, ಸ್ಟ್ರೋಮಾದಿಂದ ಬರ್ತಿವೆ ಅಂತ. ಅದರಲ್ಲೊಂದು ಟೀಮಿನ ಯೋಚನೆ ನಂಗೆ ತುಂಬಾ ಇಷ್ಟ. ಮನುಷ್ಯರ ಟ್ಯೂಮರನ್ನ ಇಲಿಯಲ್ಲಿ ಬೆಳೆಸಿದ್ರೆ ಕ್ಯಾನ್ಸರ್ ಸೆಲ್ ಮನುಷ್ಯರದ್ದೇ ಉಳಿಯತ್ತೆ, ಆದ್ರೆ ಸುತ್ತಲಿನ ಸ್ಟ್ರೋಮಾ ನಿಧಾನಕ್ಕೆ ಇಲಿಯದ್ದಾಗತ್ತೆ. ಆಮೇಲೆ ಎಲ್ಲಾ ಸೇರಿಸಿ ಅರೆದ್ರೂ ಪರವಾಗಿಲ್ಲ, ಸೀಕ್ವೆನ್ಸ್ ನೋಡಿ ಇದು ಇಲಿ ಆರ್‌ಎನ್‌ಎ ಇದು ಮನುಷ್ಯರದ್ದು ಅಂತ ಬೇರ್ಪಡಿಸಬಹುದು. ಅಂದ್ರೆ ಈ ಪಾಠ ಮೆಸೆಂಜರ್ ಆರ್‌ಎನ್‌ಎ ವಿಷಯದಲ್ಲಿ ಆಗಲೇ ಆಗಿತ್ತು, ಸರ್ಕ್ಯುಲರ್ ಆರ್‌ಎನ್‌ಎ ಕಡೆಯವರಿಗೆ ತಲುಪೋಕೆ ಇನ್ನೂ ಐದು ವರ್ಷ ಹಿಡೀತು. ಒಂದೊಂದೇ ಸೆಲ್ಲಿನ ಆರ್‌ಎನ್‌ಎ ಬೇರೆಬೇರೆಯಾಗಿ ಓದೋ ಸಿಂಗಲ್ ಸೆಲ್ ಸೀಕ್ವೆನ್ಸಿಂಗ್ ಬಂದ್ಮೇಲೂ ಇದು ಬೇಗ ಬಯಲಾಗಲಿಲ್ಲ, ಯಾಕಂದ್ರೆ ಅದರಲ್ಲಿ ಹೆಚ್ಚಾಗಿ ಬಳಸೋ ಕಿಟ್ಟುಗಳೂ ಪಾಲಿ-ಎ ಬಾಲವನ್ನೇ ಹಿಡಿಯೋದು, ಸರ್ಕಲ್ ಮತ್ತೆ ಸಿಂಕಿಗೆ.

ಸೆಲ್ಲುಗಳಿಗೆ ಸರ್ಕಲ್ ತುಂಬಿದಾಗ ಇಜಿಎಫ್‌ಆರ್ ಏರಿದ್ದು ಸುಳ್ಳಾ ಅಂತ ಹುಡುಗ್ರು ಕೇಳ್ತಾರೆ. ಸುಳ್ಳಲ್ಲ. ಪ್ಲಾಸ್ಮಿಡ್ (ಜೀನನ್ನ ಸೆಲ್ಲೊಳಗೆ ಒಯ್ಯೋ ಡಿಎನ್‌ಎ ಉಂಗುರ) ಹಾಕಿ ಲೆಕ್ಕ ಮೀರಿ ಸಿಐಆರ್‌ಎಸ್-7 ಮಾಡಿಸಿದ್ರೆ ಅದು ಮಿರ್-7 ಹೀರೋ ಸಾಧ್ಯತೆ ಖಂಡಿತ ಇದೆ. ಆದ್ರೆ ಅದರಿಂದ ಗೊತ್ತಾಗೋದು ಹಾಗೆ ಆಗೋಕೆ ಸಾಧ್ಯ ಅಂತ, ರೋಗಿಯ ಹೊಟ್ಟೆಯೊಳಗೆ ಹಾಗೆ ಆಗ್ತಿದೆ ಅಂತಲ್ಲ. ರೋಗಿಯ ಕ್ಯಾನ್ಸರ್ ಸೆಲ್ಲಲ್ಲಿ ಆ ಸರ್ಕಲ್ಲೇ ಇಲ್ಲ ಅಂದ್ರೆ ಹೀರೋದು ಯಾರು? ಸ್ಟ್ರೋಮಾದ ಸೆಲ್ಲಲ್ಲಿರೋ ಸ್ಪಾಂಜು ಪಕ್ಕದ ಸೆಲ್ಲಿನ ಒಳಗಿರೋ ಮಿರ್-7ನ್ನ ಹೀರಕ್ಕಾಗಲ್ಲ, ಇಬ್ಬರೂ ಒಂದೇ ಮನೆಯಲ್ಲಿರ್ಬೇಕು.

ಇನ್ನೊಂದು ಕಡೆಯಿಂದನೂ ಸ್ಪಾಂಜ್ ಅನ್ನೋ ಪದಕ್ಕೇ ಪೆಟ್ಟು ಬಿದ್ದಿತ್ತು. 2017ರಲ್ಲಿ ಬರ್ಲಿನ್ನಿನವರು ಇಲಿಗಳಲ್ಲಿ ಈ ಸರ್ಕಲ್ ಬರೋ ಜಾಗವನ್ನೇ ತೆಗೆದು ಹಾಕಿದ್ರು, ಸೈನ್ಸ್ ಪತ್ರಿಕೆಯಲ್ಲಿ ಬಂತು. ಸ್ಪಾಂಜ್ ಹೋದ್ರೆ ಮಿರ್-7 ಬಿಡುಗಡೆ ಆಗಿ ಅದರ ಕೆಲಸ ಜೋರಾಗ್ಬೇಕು, ಅಷ್ಟು ನಿರೀಕ್ಷೆ ಸಹಜ. ಆದ್ರೆ ಮಿದುಳಲ್ಲಿ ಮಿರ್-7 ಪ್ರಮಾಣವೇ ಕುಸಿದಿತ್ತು. ಅಂದ್ರೆ ನ್ಯೂರಾನಲ್ಲಿ ಈ ಉಂಗುರ ಮಿರ್-7ನ್ನ ಬರೀ ಕಟ್ಟಿಹಾಕೋದಲ್ಲ, ಹಾಳಾಗದ ಹಾಗೆ ಕಾಪಾಡ್ತಾನೂ ಇತ್ತು. ಮುಂದಿನ ವರ್ಷ ಅಮೆರಿಕದ ಡೇವಿಡ್ ಬಾರ್ಟೆಲ್ ಲ್ಯಾಬಿನವರು ಸೆಲ್ ಪತ್ರಿಕೆಯಲ್ಲಿ ಇಡೀ ಜಾಲವನ್ನೇ ಬಿಡಿಸಿಟ್ರು. ಸೈರಾನೋ ಅನ್ನೋ ಉದ್ದದ ಆರ್‌ಎನ್‌ಎ ಮಿರ್-7ನ್ನ ನಾಶ ಮಾಡಿಸತ್ತೆ, ಮಿರ್-671 ಅನ್ನೋ ಇನ್ನೊಂದು ಪುಟ್ಟ ಆರ್‌ಎನ್‌ಎ ಸರ್ಕಲ್ಲಿಗೆ ಹೆಚ್ಚುಕಮ್ಮಿ ಪೂರ್ತಿ ಹೊಂದೋದರಿಂದ ಅದನ್ನ ಕತ್ತರಿಸೋಕೆ ದಾರಿ ಮಾಡತ್ತೆ, ಸೈರಾನೋ ಇಲ್ಲದೆ ಮಿರ್-7 ಜಾಸ್ತಿಯಾದ್ರೆ ಸರ್ಕಲ್ಲೇ ಕಮ್ಮಿಯಾಗತ್ತೆ. ನಾಲ್ಕು ಆರ್‌ಎನ್‌ಎಗಳು ಒಂದನ್ನೊಂದು ಹಿಡಿದು ನಿಂತಿರೋ ಕೋಲಾಟ ಇದು, ಒಂದು ಕೋಲು ತಪ್ಪಿದ್ರೆ ಇಡೀ ಸುತ್ತು ಬದಲಾಗತ್ತೆ.

ಮೆಲನೋಮಾದಲ್ಲಂತೂ ಇನ್ನೊಂದೇ ಥರ. ಚರ್ಮದ ಈ ಕ್ಯಾನ್ಸರಲ್ಲಿ ಸಿಐಆರ್‌ಎಸ್-7 ನಿಜವಾಗ್ಲೂ ಕ್ಯಾನ್ಸರ್ ಸೆಲ್ಲಿನ ಒಳಗೇ ಇರಬಹುದು, 2020ರ ಆರ್ಹುಸ್ ಪೇಪರೂ ಸಾಮಾನ್ಯ ಅಡಿನೋಕಾರ್ಸಿನೋಮಾಗಳಿಗೆ (ಕರುಳಿನದ್ದರ ಥರ ಗ್ರಂಥಿ ಸೆಲ್ಲುಗಳಿಂದ ಹುಟ್ಟೋ ಕ್ಯಾನ್ಸರುಗಳು) ಹೇಳಿದ್ದು ಮೆಲನೋಮಾಗೆ ಹೊಂದಲ್ಲ ಅಂತ ಬಿಡಿಸಿ ಹೇಳಿದೆ. ಆದ್ರೆ ಅದೇ ವರ್ಷ ನ್ಯೂಯಾರ್ಕಿಂದ ಕ್ಯಾನ್ಸರ್ ಸೆಲ್ ಪತ್ರಿಕೆಯಲ್ಲಿ ಬಂದ ಕೆಲಸದ ಪ್ರಕಾರ ಮೆಲನೋಮಾದಲ್ಲಿ ಈ ಸರ್ಕಲ್ ಹೋದ್ರೇನೇ ಅಪಾಯ! ಅದು ಹುಟ್ಟೋ ಜಾಗ ಎಪಿಜೆನೆಟಿಕ್ ಬೀಗ ಬಿದ್ದು, ಅಂದ್ರೆ ಡಿಎನ್‌ಎ ಅಕ್ಷರ ಬದಲಾಗದೇನೇ, ಮುಚ್ಚಿಹೋದಾಗ ಕ್ಯಾನ್ಸರ್ ಸೆಲ್ಲುಗಳು ಬೇರೆ ಕಡೆ ಹರಡೋಕೆ ಶುರು ಮಾಡತ್ವೆ, ಮತ್ತೆ ಇದರಲ್ಲಿ ಮುಖ್ಯ ಪಾತ್ರ ಮಿರ್-7ದಲ್ಲ, ಐಜಿಎಫ್2ಬಿಪಿ3 ಅನ್ನೋ ಪ್ರೋಟೀನಿಂದು. ಒಂದೇ ಉಂಗುರ, ಕರುಳಲ್ಲಿ ಓಂಕೋಜೀನ್, ಅಂದ್ರೆ ಕ್ಯಾನ್ಸರ್ ಬೆಳೆಸೋ ಜೀನ್, ಅನ್ನಿಸ್ಕೊಂಡಿದ್ದು, ಇಲ್ಲಿ ಕ್ಯಾನ್ಸರನ್ನ ಹಿಡಿದಿಟ್ಟಿದ್ದು.

ನಂಗೆ ಈ ಕೇಸಲ್ಲಿ ಅತಿ ಗೌರವ ಬರೋದು ಆರ್ಹುಸಿನವರ ಮೇಲೆ. 2013ರಲ್ಲಿ ಸ್ಪಾಂಜ್ ಅಂತ ಜಗತ್ತಿಗೆ ಹೇಳಿದ ಹ್ಯಾನ್ಸನ್, ಕೆಮ್ಸ್ ಇಬ್ಬರ ಹೆಸರೂ 2020ರ ಪೇಪರಲ್ಲಿ ಇದೆ, ಮೊದಲ ಹೆಸರು ಲಾಸ್ಸೆ ಸಾಮರ್ ಕ್ರಿಸ್ಟೆನ್ಸನ್ ಅವರದ್ದು. ತಮ್ಮದೇ ಹೆಸರು ತಂದುಕೊಟ್ಟ ಐಡಿಯಾವನ್ನ ತಾವೇ ಸ್ಲೈಡ್ ಮೇಲಿಟ್ಟು ನೋಡಿದ್ರು, ಕಂಡಿದ್ದನ್ನ ಹಾಗೇ ಬರೆದ್ರು. ಇಷ್ಟಾಗಿ ಅವರು ಸರ್ಕಲ್ಲುಗಳಿಗೆ ಕ್ಯಾನ್ಸರಲ್ಲಿ ಕೆಲಸ ಇಲ್ಲ ಅಂತ ಹೇಳ್ಲಿಲ್ಲ, ನಾನೂ ಹೇಳ್ತಿಲ್ಲ. 2019ರಲ್ಲಿ ಟೊರಾಂಟೋದವರು ಪ್ರೋಸ್ಟೇಟ್ ಕ್ಯಾನ್ಸರಿನ 144 ಟ್ಯೂಮರಲ್ಲಿ ಸರ್ಕಲ್ಲುಗಳನ್ನ ಎಣಿಸಿ, ಆಮೇಲೆ ಸೆಲ್ಲುಗಳಲ್ಲಿ ಒಂದೊಂದನ್ನೇ ಕಮ್ಮಿ ಮಾಡಿ ನೋಡಿದಾಗ, ಕೆಲವು ಸರ್ಕಲ್ ಹೋದ್ರೆ ಸೆಲ್ ಬೆಳೆಯಲ್ಲ, ಆದ್ರೆ ಅದೇ ಜೀನಿನ ನೇರ ಆರ್‌ಎನ್‌ಎ ಹೋದ್ರೆ ಏನೂ ಆಗಲ್ಲ ಅಂತ ಸಿಕ್ತು. ಇಲ್ಲಿ ಸರ್ಕಲ್ಲಿಗೇ ಸ್ವಂತ ಕೆಲಸ ಇದೆ ಅಂತಾಯ್ತು, ಮತ್ತೆ ಅದನ್ನ ತೋರಿಸಿದ್ದು ಇದ್ದದ್ದನ್ನ ತೆಗೆದು ನೋಡಿ, ಇಲ್ಲದ್ದನ್ನ ತುಂಬಿ ಅಲ್ಲ.

ನಾನೀಗ ಪ್ರಾಜೆಕ್ಟಿಗೆ ಬಂದವರಿಗೆ ಬಾಣದ ಚಿತ್ರ ಆಮೇಲೆ, ಮೊದಲು ಆ ಸರ್ಕಲ್ ಯಾವ ಸೆಲ್ಲಲ್ಲಿದೆ ತೋರ್ಸಿ ಅಂತೀನಿ. ಜಂಕ್ಷನ್ ಮೇಲೆ, ಅಂದ್ರೆ ಬಾಲ ಮತ್ತೆ ತಲೆ ಸೇರೋ ಗಂಟಿನ ಮೇಲೆ ಮಾತ್ರ ಕೂರೋ ಪ್ರೋಬ್ (ಬಣ್ಣ ಹಿಡಿಸೋಕೆ ಬಳಸೋ ಹೊಂದುವ ತುಂಡು) ಬೇಕು, ಇಲ್ಲಾಂದ್ರೆ ಅದೇ ಜೀನಿನ ನೇರ ಆರ್‌ಎನ್‌ಎಗೂ ಬಣ್ಣ ಬಂದು ಎಲ್ಲಾ ಗೊಂದಲ. ಆಮೇಲೆ ಒಂದು ಸೆಲ್ಲಿಗೆ ಎಷ್ಟು ಕಾಪಿ ಸರ್ಕಲ್, ಎಷ್ಟು ಕಾಪಿ ಮೈಕ್ರೋ ಆರ್‌ಎನ್‌ಎ ಅಂತ ಲೆಕ್ಕ, ಯಾಕಂದ್ರೆ ಸಿಐಆರ್‌ಎಸ್-7ಗೆ 70 ಜಾಗ ಇತ್ತು, ಹುಡುಗ್ರು ತರೋ ಸರ್ಕಲ್ಲುಗಳಲ್ಲಿ ಬಹಳಷ್ಟಕ್ಕೆ ಒಂದೋ ಎರಡೋ ಜಾಗ, ಅದೂ ಸೆಲ್ಲಿಗೆ ಬೆರಳೆಣಿಕೆ ಕಾಪಿ, ಸಾವಿರಗಟ್ಟಲೆ ಇರೋ ಮೈಕ್ರೋ ಆರ್‌ಎನ್‌ಎಯನ್ನ ಅಷ್ಟರಲ್ಲಿ ಹೀರೋದು ಅಂದ್ರೆ ಕೆರೆ ನೀರನ್ನ ಕರ್ಚೀಫಲ್ಲಿ ಒರೆಸಿದ ಹಾಗೆ. ಇದನ್ನ ಹೇಳಿದ್ರೆ ಕೆಲವರಿಗೆ ಬೇಜಾರಾಗತ್ತೆ, ಎರಡು ವರ್ಷದ ಕೆಲಸ, ಗೈಡಿಗೆ ಏನು ಹೇಳೋದು ಅಂತ. ಅವರ ಕಷ್ಟ ನಂಗೆ ಅರ್ಥ ಆಗತ್ತೆ. ಆದ್ರೆ ಆ ಕಡಲೆಕಾಳಿನಷ್ಟು ತುಂಡು ಕೊಟ್ಟಿದ್ದು ಆಪರೇಷನ್ ಟೇಬಲ್ ಮೇಲೆ ಮಲಗಿದ್ದ ಒಬ್ಬ ಮನುಷ್ಯ, ಫಾರ್ಮಿಗೆ ಸೈನ್ ಹಾಕಿ ಕೊಟ್ಟಿದ್ದು. ಅದನ್ನ ಅರೆಯೋಕೆ ಮುಂಚೆ ಒಂದು ಸ್ಲೈಸ್ ಎತ್ತಿಡಿ ಅಂತ ಕೇಳೋದು ದೊಡ್ಡ ಮಾತಲ್ಲ.

ಕರುಳಿನ ಟ್ಯೂಮರಿನ ಸ್ಟ್ರೋಮಾದಲ್ಲಿ ಸಿಐಆರ್‌ಎಸ್-7 ಏನು ಮಾಡ್ತಿದೆ ಅನ್ನೋದು ಬೇರೆಯೇ ಪ್ರಶ್ನೆ. ಅಲ್ಲಿ ಅದು ಮಿರ್-7ನ್ನ ಕಾಪಾಡ್ತಿದ್ಯಾ, ಫೈಬ್ರೋಬ್ಲಾಸ್ಟು ಕ್ಯಾನ್ಸರ್ ಸೆಲ್ಲಿಗೆ ಕಳಿಸೋ ಸಿಗ್ನಲನ್ನ ಬದಲಾಯಿಸ್ತಿದ್ಯಾ, ಸುಮ್ಮನೆ ಆ ಸೆಲ್ಲಿನ ಗುರುತಾಗಿ ಇದ್ಯಾ? ಹೋದ ತಿಂಗಳು ನಮ್ಮಲ್ಲಿಗೆ ಬಂದ ಒಬ್ಬ ಹುಡುಗಿ ತನ್ನ ಬಾಣದ ಚಿತ್ರ ಇರೋ ಪ್ರಪೋಸಲ್ ವಾಪಸ್ ತಗೊಂಡು ಹೋಗಿ, ಮೊನ್ನೆ ಪ್ಯಾಥಾಲಜಿಯಿಂದ ಪ್ಯಾರಾಫಿನ್ ಬ್ಲಾಕ್ ಒಂದು ಕೈಯಲ್ಲಿ ಹಿಡ್ಕೊಂಡು ಬಂದಳು, ಮೇಣದ ಒಳಗೆ ಕಂದು ಬಣ್ಣದ ಪುಟ್ಟ ತುಂಡು, ಬೆಳಕಿಗೆ ಹಿಡಿದು ಮೇಡಂ ಇದರಲ್ಲಿ ಸ್ಟ್ರೋಮಾ ಎಷ್ಟಿರಬಹುದು ಅಂತ ಕೇಳಿದಳು.